ಎಡಗೈಯಲ್ಲಿ ಬಡಿಸುವವಳು

ಆ ವರ್ಣಚಿತ್ರ ನಮ್ಮ ಎಕ್ಸ್‌ರೇ ವಿಭಾಗಕ್ಕೆ ಬಂದದ್ದು ರೋಗಿಗಳನ್ನು ತರುವ ಟ್ರಾಲಿಯ ಮೇಲೆ, ಆಸ್ಪತ್ರೆಯ ಬಿಳಿ ಹೊದಿಕೆ ಹೊದ್ದುಕೊಂಡು. ಹೊರಗೆ ಬೆಂಚಿನ ಮೇಲೆ ಮುರಿದ ಮಣಿಕಟ್ಟು ಹಿಡಿದು ಕೂತಿದ್ದ ಮುದುಕ ಅದಕ್ಕೆ ದಾರಿ ಬಿಡಲು ಕಾಲು ಮೇಲೆತ್ತಿಕೊಂಡ. ಟ್ರಾಲಿಯ ಹಿಂದೆಯೇ ಹಿರಿಯ ಸರ್ಜನ್ ಬಂದರು. ‘ಇವಳು ಸರದಿಯಲ್ಲಿ ಕಾಯುವವಳಲ್ಲ, ಡಿಯರ್. ಮುನ್ನೂರು ವರ್ಷದಿಂದ ಕಾದಿದ್ದಾಳೆ,’ ಎಂದು ತಾವೇ ನಕ್ಕರು. ನನಗೆ ನಗು ಬರಲಿಲ್ಲ. ಆ ಮನುಷ್ಯ ಒಂದು ದಿನವೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ, ಊರು ಆಸ್ಟ್ರೇಲಿಯಾದ ಪರ್ತ್. ನಾನು ಅಲ್ಲಿ ಎಕ್ಸ್‌ರೇ ಓದುವ ಡಾಕ್ಟರು. ನನ್ನ ಗಂಡ ಅದೇ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ನನ್ನದು ತಾತ್ಕಾಲಿಕ ಹುದ್ದೆ. ಅದನ್ನು ಖಾಯಂ ಮಾಡಬೇಕೋ ಬೇಡವೋ ಎಂದು ಆ ವರ್ಷ ತೀರ್ಮಾನಿಸಬೇಕಿದ್ದ ಸಮಿತಿಗೆ ಈ ಸರ್ಜನ್ನೇ ಅಧ್ಯಕ್ಷರು. ನನ್ನ ಗಂಡ ವಾರದ ಹೆಚ್ಚಿನ ದಿನ ನಿಲ್ಲುತ್ತಿದ್ದುದೂ ಅವರ ಆಪರೇಷನ್ ಥಿಯೇಟರಿನಲ್ಲೇ. ಥಾರ್ನ್ಲಿ ಬಡಾವಣೆಯಲ್ಲಿ ನಾವು ಬಾಡಿಗೆಗಿದ್ದ ಮನೆಯನ್ನೇ ಕೊಳ್ಳುವ ಮಾತು ಬೇರೆ ನಡೆದಿತ್ತು. ಒಟ್ಟಿನಲ್ಲಿ ನಮ್ಮ ಸಂಸಾರದ ಜುಟ್ಟು ಅವರ ಕೈಯಲ್ಲಿತ್ತು, ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಹೊದಿಕೆ ಸರಿಸಿದೆ. ಡಚ್ಚರ ನಾಡಿನ ಹಳೆಯ ಕಾಲದ ಅಡುಗೆಮನೆ. ರಾಜರಿಲ್ಲ, ದೇವದೂತರಿಲ್ಲ, ಯುದ್ಧವಿಲ್ಲ. ಒಲೆಯ ಪಕ್ಕ ನಮ್ಮ ಕಡೆ ಮುಖ ಮಾಡಿ ನಿಂತ ಕೆಲಸದವಳು ಸೌಟಿನಲ್ಲಿ ಗಂಜಿ ಎತ್ತಿ ಮಗುವಿನ ಬಟ್ಟಲಿಗೆ ಹಾಕುತ್ತಿದ್ದಾಳೆ. ಎತ್ತರದ ಕುರ್ಚಿಯಲ್ಲಿ ಕೂತ ಮಗು ಚಮಚ ಎತ್ತಿಕೊಂಡು ಕಾಯುತ್ತಿದೆ. ಬಾಗಿಲಲ್ಲಿ ಸೊಂಟಕ್ಕೆ ಕತ್ತಿ ಕಟ್ಟಿದ ಯಜಮಾನ, ಈಗ ಬಂದವನೋ ಹೊರಟವನೋ ತಿಳಿಯದು. ಕಿಟಕಿಯ ಬೆಳಕಿನಲ್ಲಿ ತಾಮ್ರದ ಪಾತ್ರೆ, ಅರ್ಧ ಹೆಚ್ಚಿಟ್ಟ ಎಲೆಕೋಸು, ನೆಲದ ಮೇಲೆ ಒಂದು ಪೊರಕೆ. ಡಚ್ ಕಲಾವಿದರು ಹೀಗೆ ದಿನಬಳಕೆಯ ಮನೆವಾರ್ತೆಯನ್ನೇ ಚಿತ್ರ ಮಾಡುತ್ತಿದ್ದರೆಂದು ಸರ್ಜನ್ ನನಗೆ ಪಾಠ ಹೇಳಿದರು. ಇದು ಅವರಲ್ಲೇ ಬಹಳ ದೊಡ್ಡವನೊಬ್ಬನ ಕೈಯದಂತೆ. ತಾತನ ಕಾಲದಿಂದ ಅವರ ಊಟದ ಕೋಣೆಯಲ್ಲಿತ್ತಂತೆ. ಈಗ ಅಡಿಲೇಡಿನ ಒಂದು ಖಾಸಗಿ ಸಂಗ್ರಹಾಲಯಕ್ಕೆ ತಮ್ಮ ಹೆಸರಿನಲ್ಲಿ ದಾನ ಕೊಡುತ್ತಾರಂತೆ.

ಅಲ್ಲಿನ ತಜ್ಞರು ಎಕ್ಸ್‌ರೇ ಕೇಳಿದ್ದರು. ಸ್ವಂತ ಕಲ್ಪನೆಯಿಂದ ಬರೆಯುವವನು ನಡುವೆ ಮನಸ್ಸು ಬದಲಾಯಿಸುತ್ತಾನೆ, ಬರೆದ ಒಂದು ಕೈಯನ್ನು ಬಣ್ಣದಿಂದ ಮುಚ್ಚಿ ಇನ್ನೊಂದು ಕಡೆ ಬರೆಯುತ್ತಾನೆ. ಅಂಥದ್ದು ಬಣ್ಣದ ಅಡಿಯಲ್ಲಿ ಸಿಕ್ಕರೆ ಚಿತ್ರ ಮೂಲದ್ದೇ ಎನ್ನುವುದಕ್ಕೆ ಬಲ ಬರುತ್ತದೆ. ನಕಲು ಮಾಡುವವನಿಗೆ ಬದಲಾಯಿಸಲು ಏನೂ ಇರುವುದಿಲ್ಲ.

‘ಅಡಿಯಲ್ಲಿ ಏನೋ ಇದೆ. ಹುಡುಕಿ ಕೊಡು,’ ಎಂದರು ಸರ್ಜನ್.

‘ಇದ್ದರೆ ಕಾಣುತ್ತೆ,’ ಎಂದೆ.

‘ಇದ್ದೇ ಇರುತ್ತೆ,’ ಎಂದು ಹೊರಟುಹೋದರು.

ಶನಿವಾರ ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತು ನೋಡಿ ಶುರು ಮಾಡಿದೆವು. ಜೊತೆಗೆ ಯಂತ್ರ ನಡೆಸುವ ನಮ್ಮ ರೇಡಿಯೋಗ್ರಾಫರ್, ಆ ಊರಿನವಳೇ, ಬಾಯಿ ಸ್ವಲ್ಪ ಜೋರು. ‘ಅವರು ಗಾಲ್ಫ್ ಆಡ್ತಾರೆ, ನನ್ನ ಇಡೀ ಮಧ್ಯಾಹ್ನ ಈ ಅಡುಗೆಯವಳ ಜೊತೆ,’ ಎಂದು ಗೊಣಗುತ್ತ ಬಂದಳು. ಸ್ತನದ ಎಕ್ಸ್‌ರೇ ತೆಗೆಯುವ ಯಂತ್ರದ ಮೃದು ಕಿರಣ ಇದಕ್ಕೆ ಹೇಳಿ ಮಾಡಿಸಿದ್ದು, ಆದರೆ ಆ ಯಂತ್ರದ ತೋಳಿನಡಿಯಲ್ಲಿ ಚಿತ್ರ ಹಿಡಿಸಲಿಲ್ಲ. ಹಳೆಯ ಕೋಣೆಯೊಂದರಲ್ಲಿ ನೆಲದ ಮೇಲೆ ಸ್ಪಂಜಿನ ದಿಂಬುಗಳನ್ನಿಟ್ಟು, ಅದರ ಮೇಲೆ ಚೌಕಟ್ಟು ಬಿಚ್ಚಿದ ಚಿತ್ರವನ್ನು ಅಂಗಾತ ಮಲಗಿಸಿದೆವು. ಅಡಿಯಲ್ಲಿ ಕಪ್ಪು ಕಾಗದದ ಲಕೋಟೆಯಲ್ಲಿ ಫಿಲ್ಮು. ಮೇಲೆ ಅಲ್ಲಿನ ಮಾಮೂಲಿ ಯಂತ್ರದ ಕಿರಣ ಬಿಡುವ ಕೊಳವೆಯನ್ನು ಸೂರಿಗೆ ತಾಗುವಷ್ಟು ಏರಿಸಿದೆವು.

ಮೊದಲ ಸುತ್ತು ಪೂರ್ತಿ ಹಾಳಾಯಿತು. ಎದೆಗೂಡನ್ನೇ ದಾಟಿ ಹೋಗುವ ಕಿರಣಕ್ಕೆ ಒಂದು ಪದರ ಬಣ್ಣ ಯಾವ ಲೆಕ್ಕ? ಬಂದದ್ದೆಲ್ಲ ಬೂದು ಬೂದು. ಯಂತ್ರದ ಶಕ್ತಿಯನ್ನು ತೀರ ಕೆಳಕ್ಕೆ ಇಳಿಸಿ ನೋಡಿದೆ, ಸಾಲಲಿಲ್ಲ. ಕೊನೆಗೆ ಕೊಳವೆಯ ಬಾಯಿಗೆ ಹಾಕಿರುವ ಅಲ್ಯೂಮಿನಿಯಂ ತಗಡನ್ನೇ ಬಿಚ್ಚಿಸಿದೆ. ರೋಗಿಯ ಚರ್ಮ ಸುಡದಿರಲೆಂದು ಮೃದು ಕಿರಣವನ್ನು ತಡೆಯುವ ತಗಡು ಅದು. ಈ ರೋಗಿಗೆ ಚರ್ಮವಿಲ್ಲ, ನಮಗೆ ಬೇಕಾದದ್ದೂ ಮೃದು ಕಿರಣವೇ. ಸೋಮವಾರ ಬೆಳಗ್ಗೆ ಯಾರಾದರೂ ತಗಡು ಹಾಕುವುದನ್ನು ಮರೆತಾರೆಂದು ಯಂತ್ರದ ಗುಂಡಿಯ ಮೇಲೆ ದೊಡ್ಡ ಕೆಂಪು ಚೀಟಿ ಅಂಟಿಸಿದೆವು.

ಪ್ರತಿ ಸಲವೂ ರೇಡಿಯೋಗ್ರಾಫರ್ ಗುಂಡಿ ಒತ್ತುವ ಮೊದಲು ನಾನು ಬಗ್ಗಿ ನನ್ನ ಗುರುತು ಇಡುತ್ತಿದ್ದೆ. ರೋಗಿಯ ಎಡಬದಿ ಯಾವುದೆಂದು ತಪ್ಪಬಾರದೆಂದು ಫಿಲ್ಮಿನ ಅಂಚಿಗೆ ಸೀಸದಲ್ಲಿ ಮಾಡಿದ ಇಂಗ್ಲಿಷಿನ ಎಲ್ ಅಕ್ಷರ ಇಡುವುದು ನಮ್ಮ ಕ್ರಮ. ನನ್ನದರ ಪಕ್ಕದಲ್ಲಿ ನನ್ನ ಹೆಸರಿನ ಮೊದಲಕ್ಷರಗಳೂ ಇದ್ದವು. ಕೆಲಸದವಳ ಎಡತೋಳಿನ ಹತ್ತಿರ ಅದನ್ನಿಟ್ಟಾಗ ರೇಡಿಯೋಗ್ರಾಫರ್ ಬಿದ್ದು ಬಿದ್ದು ನಕ್ಕಳು. ‘ಅವಳ ಹೃದಯ ಯಾವ ಕಡೆ ಇದೆ ಅಂತ ನೋಡ್ಬೇಕಾ, ಡಾಕ್?’

‘ಗುರುತಿಲ್ಲದ ಫಿಲ್ಮಿಗೆ ನಾನು ಸೈನ್ ಹಾಕಲ್ಲ,’ ಎಂದೆ. ಅದು ಅಭ್ಯಾಸಬಲ, ಬೇರೆ ಯೋಚನೆ ಏನೂ ಇರಲಿಲ್ಲ.

ಈ ಸಲ ಫಿಲ್ಮು ಚೆನ್ನಾಗಿ ಬಂತು. ತುಂಡುಗಳನ್ನು ಜೋಡಿಸಿ ಒಂದು ದೊಡ್ಡ ಪಾರದರ್ಶಕ ಹಾಳೆಗೆ ಅಂಟಿಸಿದೆವು. ಆ ಕಾಲದ ಬಿಳಿ ಬಣ್ಣದಲ್ಲಿ ಸೀಸವಿರುವುದರಿಂದ ಅವಳ ಟೋಪಿ, ಏಪ್ರನ್ನು, ಸೌಟು ಹಿಡಿದ ಕೈ ಎಲ್ಲ ಮೂಳೆಯ ಹಾಗೆ ಬೆಳ್ಳಗೆ ಎದ್ದು ಕಂಡವು. ಚಿತ್ರ ಬರೆದ ಬಟ್ಟೆಯ ನೇಯ್ಗೆ, ಅಂಚಿನ ಮೊಳೆಗಳು, ಹಿಂದಿನ ಮರದ ಪಟ್ಟಿಗಳು ಕಂಡವು. ಜೊತೆಗೆ ಅವಳ ಭುಜದ ಹಿಂದೆ, ಚಿತ್ರದಲ್ಲಿ ಬರೀ ಗೋಡೆಯಿದ್ದ ಕಡೆ, ಅವಳಷ್ಟೇ ಎತ್ತರದ ಒಂದು ಬಿಳಿ ನೆರಳು.

ಸರ್ಜನ್ ಕುಣಿದಾಡಿಬಿಟ್ಟರು. ‘ಎರಡನೇ ಹೆಂಗಸು! ಬರೆದು ಆಮೇಲೆ ಮುಚ್ಚಿದ್ದಾನೆ!’ ನಾನು ಬಾಯಿ ತೆರೆಯುವ ಮೊದಲೇ ಅಡಿಲೇಡಿಗೆ ಫೋನು ಹೋಯಿತು. ಮಾರನೆಯ ದಿನ ಚಹಾದ ಕೋಣೆಯಲ್ಲಿ ಅದುವರೆಗೆ ನನ್ನ ಮುಖ ನೋಡದವರೆಲ್ಲ ಬೆನ್ನು ತಟ್ಟಿದರು. ತಜ್ಞರು ಬರುವ ದಿನ ಗೊತ್ತಾಯಿತು. ನಾನು ವರದಿ ಬರೆದು ಸಹಿ ಹಾಕಬೇಕಿತ್ತು, ಅಷ್ಟೇ.

ನನಗೆ ಆ ನೆರಳಿನ ಮೇಲೆ ನಂಬಿಕೆ ಬರಲಿಲ್ಲ. ಉಳಿದ ಕಡೆ ಕುಂಚದ ಎಳೆಗಳು ಕಾಣುತ್ತಿದ್ದವು, ಇದರಲ್ಲಿ ಒಂದೂ ಇಲ್ಲ. ಅಂಚು ತೀರ ನೇರ. ಎದೆಯ ಫಿಲ್ಮಿನಲ್ಲಿ ಚುಕ್ಕೆ ಕಂಡರೆ ಅದು ಶ್ವಾಸಕೋಶದಲ್ಲಿದೆಯೋ ಅಂಗಿಯ ಗುಂಡಿಯೋ ಎಂದು ತಿಳಿಯಲು ನಾವು ಓರೆಯಾಗಿ ಇನ್ನೊಂದು ತೆಗೆಯುತ್ತೇವೆ. ಹಾಗೆ ಇನ್ನೊಂದು ಬೇಕೆಂದು ಕೇಳಿದೆ.

‘ಏನು ಬೇಕೋ ಅದು ಸಿಕ್ಕಿದೆ. ಇನ್ನೇನೂ ಬೇಡ,’ ಎಂದು ಸರ್ಜನ್ ಕಡ್ಡಿ ಮುರಿದ ಹಾಗೆ ಹೇಳಿದರು.

ಮೈಯೆಲ್ಲ ಉರಿಯಿತು. ಯಾವ ಫಿಲ್ಮು ಬೇಕು, ಯಾವುದು ಬೇಡ ಎಂದು ಹೇಳುವುದು ನನ್ನ ಕೆಲಸ, ಅವರದಲ್ಲ. ಚಿತ್ರ ಇನ್ನೂ ನಮ್ಮ ವಿಭಾಗದಲ್ಲೇ ಇತ್ತು. ಕೊಳವೆಯನ್ನು ಓರೆ ಮಾಡಿ ತೆಗೆದೆ. ನೆರಳು ಕೆಲಸದವಳ ಭುಜ ಬಿಟ್ಟು ಪಕ್ಕಕ್ಕೆ ಸರಿದಿತ್ತು. ಬಣ್ಣದಲ್ಲಿದ್ದದ್ದಾದರೆ ಅವಳ ಜೊತೆಗೇ ಇರಬೇಕಿತ್ತು. ಸರಿದದ್ದರಿಂದ ಅದು ಬಟ್ಟೆಯ ಹಿಂದೆ ಎಲ್ಲೋ ಇದೆ. ದಂತವೈದ್ಯರ ಸಣ್ಣ ಕನ್ನಡಿ ತಂದು ಬಟ್ಟೆಗೂ ಹಿಂಬದಿಯ ಮರದ ಪಟ್ಟಿಗೂ ನಡುವಿನ ಸಂದಿಯಲ್ಲಿ ತೂರಿಸಿ ನೋಡಿದೆ. ಪಟ್ಟಿಯ ಒಳಮೈಯಲ್ಲಿ ದಪ್ಪಗೆ ಹಳೆಯ ಬಿಳಿ ಬಣ್ಣ. ಯಾವುದೋ ಮನೆಯ ಬಾಗಿಲು ಒಡೆದು ಆ ಪಟ್ಟಿ ಮಾಡಿದ್ದರು. ಎರಡನೇ ಹೆಂಗಸೂ ಇಲ್ಲ, ಮೂರನೆಯವಳೂ ಇಲ್ಲ.

ಆಮೇಲೆ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಹಾಕಿ ಹೊಸದಾಗಿ ಓದಲು ಕೂತೆ. ನಮಗೊಂದು ಕ್ರಮವಿದೆ: ಮೊದಲು ಹೆಸರು, ಆಮೇಲೆ ಎಡಬಲ, ಆಮೇಲೆ ಅಂಚುಗಳು, ಕಾಯಿಲೆ ಕಟ್ಟಕಡೆಗೆ. ಗದ್ದಲದಲ್ಲಿ ನಾವೆಲ್ಲ ನೇರ ನೆರಳಿಗೇ ಹಾರಿದ್ದೆವು. ಎಡಬಲ ನೋಡಿದೆ. ನನ್ನದೇ ಸೀಸದ ಅಕ್ಷರ ಸರಿಯಾಗಿ ಸೌಟಿನ ಪಕ್ಕದಲ್ಲಿ ಕೂತಿತ್ತು. ಎಡಗೈ. ಇವಳು ಎಡಗೈಯಲ್ಲಿ ಬಡಿಸುತ್ತಿದ್ದಾಳೆ!

ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಮಂಡಿ ಮೊಹಲ್ಲಾದ ಕ್ರಿಶ್ಚಿಯನ್ ಮನೆಯಲ್ಲಿ. ಪಕ್ಕದ ಮನೆಯವರು ಮುಸ್ಲಿಮರು, ಎದುರು ಮನೆಯವರು ಲಿಂಗಾಯತರು. ದೇವರು ಬೇರೆ ಬೇರೆ, ಹಬ್ಬ ಬೇರೆ ಬೇರೆ, ಎಡಗೈಯ ವಿಷಯದಲ್ಲಿ ಮಾತ್ರ ಇಡೀ ಬೀದಿಗೆ ಒಂದೇ ಮತ. ಎಡಗೈಯಲ್ಲಿ ಏನು ಕೊಟ್ಟರೂ ಬೈಗುಳ ಗ್ಯಾರಂಟಿ. ಉಣ್ಣುವವರು ಬಲಗೈ ಎಂಜಲಾದಾಗ ಎಡಗೈಯಲ್ಲಿ ತಾವೇ ಬಡಿಸಿಕೊಳ್ಳುವುದುಂಟು. ಆದರೆ ನಿಂತು ಬಡಿಸುವವಳು, ಅದೂ ಮಗುವಿನ ಬಟ್ಟಲಿಗೆ, ಎಡಗೈ ಚಾಚಿದರೆ ನಮ್ಮಮ್ಮ ಸೌಟು ಕಿತ್ತುಕೊಳ್ಳುತ್ತಿದ್ದರು. ಈ ಚಿತ್ರದ ಪಕ್ಕ ಅಷ್ಟು ಹೊತ್ತು ಮಂಡಿಯೂರಿ ಕೂತಿದ್ದ ನನಗೆ ಇದು ಕಂಡಿರಲಿಲ್ಲ. ನಾನು ಕಿರಣದ ಲೆಕ್ಕದಲ್ಲಿ ಮುಳುಗಿದ್ದೆ.

ಹೋಗಿ ಚಿತ್ರವನ್ನೇ ಗೋಡೆಗೆ ಒರಗಿಸಿ ನೋಡಿದೆ. ಮಗು ಚಮಚ ಹಿಡಿದದ್ದೂ ಎಡಗೈಯಲ್ಲಿ. ಯಜಮಾನನ ಕತ್ತಿ ಬಲಸೊಂಟದಲ್ಲಿ. ಬಲಗೈಯವನು ಕತ್ತಿ ಕಟ್ಟುವುದು ಎಡಕ್ಕೆ, ಹಿರಿಯಲು ಅನುಕೂಲವಾಗಲೆಂದು. ಒಂದೇ ಮನೆಯಲ್ಲಿ ಕೂಸಿನಿಂದ ಯಜಮಾನನವರೆಗೆ ಎಲ್ಲರೂ ಎಡಚರೇ?

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಉತ್ತರ ಸಿಕ್ಕಿತು. ಹೆಸರಾದ ಚಿತ್ರಗಳನ್ನು ಆಗ ತಾಮ್ರದ ತಗಡಿನ ಮೇಲೆ ಕೊರೆದು, ಕಾಗದಕ್ಕೆ ಒತ್ತಿ ಮಾರುತ್ತಿದ್ದರು. ರಬ್ಬರ್ ಸ್ಟಾಂಪಿನ ಹಾಗೆ, ನೇರವಾಗಿ ಕೊರೆದದ್ದು ಕಾಗದದ ಮೇಲೆ ತಿರುವುಮುರುವಾಗಿ ಬೀಳುತ್ತದೆ. ಮೂಲ ಚಿತ್ರವನ್ನು ಕಣ್ಣಿಂದ ನೋಡದ ಬಡಪಾಯಿಗಳು ಆ ಕಾಗದ ಇಟ್ಟುಕೊಂಡು ಬಣ್ಣದಲ್ಲಿ ನಕಲು ಮಾಡಿದಾಗ ಇಡೀ ಮನೆ ಎಡಚರದ್ದಾಗುತ್ತದೆ. ಆ ಕಲಾವಿದರು ಕಿಟಕಿಯನ್ನು ಸಾಮಾನ್ಯವಾಗಿ ನಮ್ಮ ಎಡಕ್ಕೆ ಇಡುತ್ತಿದ್ದರೆಂದೂ ಪುಸ್ತಕದಲ್ಲಿತ್ತು. ನಮ್ಮ ಚಿತ್ರದಲ್ಲಿ ಬೆಳಕು ಬಲದಿಂದ ಬರುತ್ತಿತ್ತು. ಫಿಲ್ಮಿನಲ್ಲಿ ಮನಸ್ಸು ಬದಲಾಯಿಸಿದ ಗುರುತು ಒಂದೂ ಇರಲಿಲ್ಲ.

ಥಾರ್ನ್ಲಿಯ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತ ಗಂಡನಿಗೆ ಎಲ್ಲ ಹೇಳಿದೆ. ಅವರು ಚಪಾತಿ ಲಟ್ಟಿಸುತ್ತಿದ್ದರು.

‘ಅಷ್ಟೇ ತಾನೆ? “ಇನ್ನೊಂದು ಆಕೃತಿ ಇರಬಹುದು” ಅಂತ ಒಂದು ಲೈನ್ ಬರ್ದು ಸೈನ್ ಹಾಕ್ಬಿಡು. ಯಾರ ಪ್ರಾಣ ಹೋಗುತ್ತೆ?’

‘ಇಲ್ಲ ಅಂತ ಗೊತ್ತಿದ್ದೂ ಇರಬಹುದು ಅಂತ ಹೇಗ್ರೀ ಬರೀಲಿ?’

‘ನಾಳೆ ಬೆಳಗ್ಗೆ ನಾನು ಅವ್ರ ಥಿಯೇಟರ್‌ನಲ್ಲಿ ನಿಂತ್ಕೋಬೇಕು ಕಣೆ. ನೀನಲ್ಲ.’

‘ಒಂದ್ಸಲ ಬಂದು ಚಿತ್ರ ನೋಡಿ. ಆಮೇಲೆ ಹೇಳಿ.’

‘ನಾನ್ ನೋಡಿ ಏನ್ ಮಾಡ್ಲಿ? ಪೇಷಂಟಾ ಅದು? ಯಾರೋ ಸತ್ತ ಡಚ್ಚರವನು ಬರ್ದಿದ್ದಕ್ಕೆ ನಮ್ಮ ಮನೆ ಹಾಳ್ ಮಾಡ್ಬೇಡ.’ ಲಟ್ಟಣಿಗೆ ಎಸೆದು ಎದ್ದರು. ಆ ರಾತ್ರಿ ಊಟಕ್ಕೆ ಸೊಟ್ಟ ಚಪಾತಿ.

ಹೆದರಿಕೆ ನನಗೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದೇ ಅಕ್ಷರಗಳು, ಅದೇ ಸಹಿ, ನಾನು ದಿನವೂ ಜನರ ಎದೆ ಹೊಟ್ಟೆಗಳ ಫಿಲ್ಮಿಗೆ ಹಾಕುವುದು. ಕಣ್ಣೆದುರೇ ಸರಿದ ನೆರಳಿಗೆ ‘ಇರಬಹುದು’ ಎಂದು ಬರೆದರೆ, ಮರುದಿನ ಒಬ್ಬಳ ಶ್ವಾಸಕೋಶಕ್ಕೆ ನಾನು ಬರೆಯುವ ‘ಇರಬಹುದು’ ಯಾವ ಬೆಲೆಯದು? ಕಂಡದ್ದನ್ನು ಕಂಡ ಹಾಗೆ ಬರೆದೆ: ನೆರಳು ಮರದ ಪಟ್ಟಿಯದು, ಬದಲಾವಣೆಗಳಿಲ್ಲ, ಚಿತ್ರದ ಎಲ್ಲರೂ ಎಡಗೈಯವರು, ಮುದ್ರಿತ ಹಾಳೆಯಿಂದ ಮಾಡಿದ ನಕಲಿನ ಲಕ್ಷಣ.

ಸಭೆ ನಡೆದದ್ದು ಆಸ್ಪತ್ರೆಯ ದೊಡ್ಡ ಕೋಣೆಯಲ್ಲಿ. ಒಂದು ಕಡೆ ಚಿತ್ರ, ಪಕ್ಕದಲ್ಲಿ ದೀಪದ ಪೆಟ್ಟಿಗೆಯ ಮೇಲೆ ಫಿಲ್ಮು. ಸರ್ಜನ್, ಅಡಿಲೇಡಿನ ತಜ್ಞರು, ಸಮಿತಿಯವರು. ನನ್ನ ವರದಿ ಓದಿದೆ.

ಸರ್ಜನ್ ಎದ್ದು ಬಂದರು. ‘ಫಿಲ್ಮು ಹಿಂದುಮುಂದಾಗಿದೆ, ಡಿಯರ್. ಹೊಸಬರು ಮಾಡುವ ತಪ್ಪು.’ ಹಾಳೆಯನ್ನು ಕಿತ್ತು ತಿರುಗಿಸಿ ಹಾಕಿದರು. ಈಗ ಕೆಲಸದವಳು ಬಲಗೈಯಲ್ಲಿ ಬಡಿಸಿದಳು; ನನ್ನ ಎಲ್ ಅಕ್ಷರ, ಹೆಸರಿನ ಅಕ್ಷರಗಳು ಉಲ್ಟಾ ಆದವು.

‘ಫಿಲ್ಮನ್ನು ತಿರುಗಿಸಬಹುದು ಸರ್,’ ಎಂದೆ. ‘ಚಿತ್ರವನ್ನು ಹೇಗೆ ತಿರುಗಿಸ್ತೀರಿ?’

ಎಲ್ಲರೂ ಚಿತ್ರದ ಕಡೆ ತಿರುಗಿದರು. ತಾತನ ಕಾಲದಿಂದ ಅದರ ಕೆಳಗೆ ಕೂತು ಉಂಡಿದ್ದ ಸರ್ಜನ್ ಅವಳ ಕೈಯನ್ನು ಅಂದು ಮೊದಲ ಸಲ ನೋಡಿದರೆಂದು ನನಗನ್ನಿಸಿತು. ಅವರ ಕತ್ತು ಕೆಂಪಾಯಿತು. ‘ಅಡುಗೆಯವಳು ಎಡಚಿ ಇರಬಹುದು.’

‘ಮಗುವೂ? ಕತ್ತಿಯೂ?’

ತಜ್ಞರ ಮುಖ ನೋಡಿದೆ. ಆತ ಚಿತ್ರ ನೋಡುತ್ತಿರಲಿಲ್ಲ, ಕಿಟಕಿ ಯಾವ ಕಡೆ ಇದೆಯೆಂದು ಆತನಿಗೆ ಮೊದಲೇ ಗೊತ್ತಿತ್ತು. ನನ್ನನ್ನೇ ದುರುಗುಟ್ಟಿಕೊಂಡು, ‘ಡಾಕ್ಟರ ಕೆಲಸ ಫಿಲ್ಮು ತೆಗೆಯುವುದು. ಚಿತ್ರ ಓದುವುದು ನಮ್ಮ ಕೆಲಸ,’ ಎಂದ. ನಾನು ತಪ್ಪು ಹೇಳಿದೆನೆಂದು ಆತ ಹೇಳಲಿಲ್ಲ. ಬಾಯಿ ಬಿಟ್ಟೆನಲ್ಲ ಎಂಬುದೇ ಆತನ ಕೋಪ.

ವರದಿಯನ್ನು ಬದಲಿಸಲು ಇನ್ನೊಂದು ಅವಕಾಶ ಕೊಟ್ಟರು. ಬದಲಿಸಲಿಲ್ಲ. ನನ್ನ ಹುದ್ದೆ ಖಾಯಮಾಗಲಿಲ್ಲ. ತಂಡದಲ್ಲಿ ಹೊಂದಿಕೊಳ್ಳುವ ಸ್ವಭಾವವಿಲ್ಲವೆಂದು ಕಾರಣ ಕೊಟ್ಟರು. ಗಂಡನಿಗೆ ಆ ಥಿಯೇಟರಿನಿಂದ ಕರೆ ಬರುವುದು ನಿಂತಿತು. ಥಾರ್ನ್ಲಿಯ ಮನೆ ಬೇರೆಯವರ ಪಾಲಾಯಿತು. ಹೊರಡುವ ದಿನ ರೇಡಿಯೋಗ್ರಾಫರ್ ಮಾತ್ರ ಬಾಗಿಲವರೆಗೆ ಬಂದು, ‘ತಗಡು ಆಗ್ಲೇ ಹಾಕಿದೀನಿ, ಆದ್ರೆ ಯಂತ್ರದ ಮೇಲಿನ ಕೆಂಪು ಚೀಟಿ ನಿಮ್ಮ ನೆನಪಿಗೆ ತೆಗ್ದಿಲ್ಲ, ಲವ್,’ ಎಂದಳು.

ಬ್ರಿಸ್ಬೇನಿನಲ್ಲಿ ಮತ್ತೆ ಕೆಳಗಿನಿಂದ ಶುರು. ಟೂವಾಂಗಿನಲ್ಲಿ ಮರದ ಬಾಡಿಗೆ ಮನೆ, ಸುತ್ತ ಕಾಲೇಜು ಹುಡುಗರು, ಸೆಕೆ. ಇಬ್ಬರಿಗೂ ಕೆಲಸ ಸಿಕ್ಕಿತು, ಮೊದಲಿನಷ್ಟು ಒಳ್ಳೆಯದಲ್ಲ. ಪ್ರತಿ ಜಗಳದಲ್ಲೂ, ಜಗಳ ಉಪ್ಪಿನಕಾಯಿಯದ್ದಾದರೂ ಸರಿ, ಗಂಡ ಕಡೆಗೆ ಅಲ್ಲಿಗೇ ಬಂದು ನಿಲ್ಲುತ್ತಿದ್ದರು: ‘ನಿನ್ನ ಆ ಅಡುಗೆಯವಳಿಂದ್ಲೇ ಎಲ್ಲ ಆಗಿದ್ದು.’ ನಾನೂ ಸುಮ್ಮನಿರುತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ ಅವರಿಗೆ ಅಡಿಲೇಡಿನಲ್ಲಿ ಅರಿವಳಿಕೆ ವೈದ್ಯರ ಸಮ್ಮೇಳನವಿತ್ತು. ನಾನೂ ಹೋದೆ. ಸಂಗ್ರಹಾಲಯಕ್ಕೆ ಹೋಗುತ್ತೇನೆಂದಾಗ ಅವರು ಮುಖ ಗಂಟು ಹಾಕಿಕೊಂಡೇ ಜೊತೆಗೆ ಬಂದರು.

ಚಿತ್ರ ಒಳ್ಳೆಯ ಜಾಗದಲ್ಲೇ ತೂಗುತ್ತಿತ್ತು. ಕೆಳಗೆ ಆ ದೊಡ್ಡ ಕಲಾವಿದನ ಹೆಸರು, ಅದರ ಕೆಳಗೆ ದಾನಿಯ ಹೆಸರು. ಪಕ್ಕದ ದೀಪದ ಪೆಟ್ಟಿಗೆಯಲ್ಲಿ ನನ್ನ ಫಿಲ್ಮು, ‘ಮರೆಯಾದ ಎರಡನೇ ಹೆಂಗಸು’ ಎಂಬ ಬರಹದೊಂದಿಗೆ. ಫಿಲ್ಮನ್ನು ಸರ್ಜನ್ ಅಂದು ತಿರುಗಿಸಿದ ಹಾಗೆಯೇ ಹಾಕಿದ್ದರು. ಚಿತ್ರದಲ್ಲಿ ಅವಳು ಎಡಗೈಯಲ್ಲಿ ಬಡಿಸುತ್ತಿದ್ದಳು, ಪಕ್ಕದ ಫಿಲ್ಮಿನಲ್ಲಿ ಬಲಗೈಯಲ್ಲಿ. ಅಂಚಿನಲ್ಲಿ ನನ್ನ ಹೆಸರಿನ ಅಕ್ಷರಗಳು ಉಲ್ಟಾ ಮಿನುಗುತ್ತಿದ್ದವು. ಜನ ಬರುತ್ತಿದ್ದರು, ತಲೆದೂಗಿ ಮುಂದೆ ಹೋಗುತ್ತಿದ್ದರು.

ಗಂಡ ನನ್ನ ಪಕ್ಕದಲ್ಲಿ ನಿಂತು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದರು. ತಮ್ಮದೇ ಕೈ ಎತ್ತಿ ಗಾಳಿಯಲ್ಲಿ ಬಡಿಸಿ ನೋಡಿದರು. ಕತ್ತಿ ನೋಡಿದರು. ಮಗುವನ್ನು ನೋಡಿದರು.

‘ತಿರುಗ್ಸಿ ಹಾಕ್ಬಿಟ್ಟಿದಾರಲ್ಲೇ!’ ಎಂದವರೇ ಕಾವಲುಗಾರನ ಹತ್ತಿರ ಹೋಗಿ, ಕೋಣೆಗೆಲ್ಲ ಕೇಳುವ ಹಾಗೆ, ಫಿಲ್ಮು ಹಿಂದುಮುಂದಾಗಿದೆ, ಅದನ್ನು ತೆಗೆದದ್ದು ನನ್ನ ಹೆಂಡತಿ, ಯಾರು ಇದಕ್ಕೆ ಜವಾಬ್ದಾರರೋ ಅವರನ್ನು ಕರೆಯಿರಿ ಎಂದರು. ಬಂದದ್ದು ಅದೇ ತಜ್ಞ, ಕೂದಲು ಬೆಳ್ಳಗಾಗಿತ್ತು. ಆತನಿಗೆ ನನ್ನ ಗುರುತು ಸಿಕ್ಕಿತು.

‘ಇಷ್ಟು ವರ್ಷ ಯಾರೂ ದೂರು ಕೊಟ್ಟಿಲ್ಲ,’ ಎಂದ.

‘ಈಗ ಕೊಡ್ತಿದೀವಿ,’ ಎಂದರು ನನ್ನ ಗಂಡ.

‘ಅದರ ಮೇಲೆ ನನ್ನ ಹೆಸರಿದೆ,’ ಎಂದೆ. ‘ಒಂದೋ ಸರಿಯಾಗಿ ಹಾಕಿ, ಇಲ್ಲ ಇಳಿಸಿ.’

ಜನ ಸೇರತೊಡಗಿದ್ದರು. ಆತ ಬೀಗದ ಕೈ ತರಿಸಿ, ಪೆಟ್ಟಿಗೆ ತೆರೆದು, ಹಾಳೆಯನ್ನು ತಿರುಗಿಸಿ ಹಾಕಿದ. ಎಲ್ ಅಕ್ಷರ ನೆಟ್ಟಗೆ ಅವಳ ಕೈಯ ಪಕ್ಕ ಬಂದು ಕೂತಿತು. ಊರುಗೋಲು ಹಿಡಿದ ಒಬ್ಬ ಮುದುಕಿ ಕನ್ನಡಕ ಏರಿಸಿ, ಫಿಲ್ಮು ನೋಡಿ, ಚಿತ್ರ ನೋಡಿ, ‘ಅಯ್ಯೋ, ಇವಳೂ ನನ್ನ ಹಾಗೇ ಮಾಲಿಡೂಕರ್!’ ಎಂದಳು. ಎಡಚರಿಗೆ ಅವರ ಆಡುಮಾತು ಅದು. ಆಮೇಲೆ ಗೋಲಿನಿಂದ ತೋರಿಸುತ್ತ, ‘ಮಗುವೂ ಹಾಗೇ. ಆ ಗಂಡಸೂ ಹಾಗೇ. ಇದೆಂಥ ಮನೆ ಮಾರಾಯರೆ, ಎಲ್ಲರೂ ಎಡಚರು?’ ಎಂದು ತಜ್ಞನನ್ನೇ ಕೇಳಿದಳು. ಆತ ಬೀಗ ಹಾಕುವುದನ್ನು ಮರೆತು ನಿಂತಿದ್ದ.

ನಾವು ಉತ್ತರಕ್ಕೆ ಕಾಯದೆ ಹೊರಗೆ ಬಂದೆವು. ಮೆಟ್ಟಿಲ ಮೇಲೆ ಬಿಸಿಲಿತ್ತು. ಗಂಡ ನನ್ನ ಕಡೆ ನೋಡದೆ ನಿಧಾನವಾಗಿ ಇಳಿಯುತ್ತ, ‘ಆ ಚಿತ್ರ ನಾನು ನೋಡಿದ್ದು ಇವತ್ತೇ ಮೊದಲು ಕಣೆ,’ ಎಂದರು.

‘ಗೊತ್ತು,’ ಎಂದೆ. ‘ನನಗೆ ಸಿಟ್ಟಿದ್ದದ್ದು ಅದಕ್ಕೇ.’